ಸ್ಯಾಂಡಿಗೇಟಿನಲ್ಲಿ ಒಂದು ಶನಿವಾರ

ಇಂಗ್ಲೆಂಡಿನ ಕಾಲ್ಚೆಂಡಾಟವೆಂದೊಡನೆ ನಮ್ಮ ಜನರ ಕಣ್ಣಮುಂದೆ ನಿಲ್ಲುವ ಚಿತ್ರ ಒಂದೇ. ಐವತ್ತು ಅರವತ್ತು ಸಾವಿರ ಜನ ಕಿಕ್ಕಿರಿದ ಭವ್ಯ ಕ್ರೀಡಾಂಗಣ. ಹಗಲನ್ನು ನಾಚಿಸುವ ದೀಪಗಳು. ಒಬ್ಬೊಬ್ಬ ಆಟಗಾರನಿಗೂ ನಮ್ಮ ಒಂದು ತಾಲ್ಲೂಕಿನ ಆಯವ್ಯಯವನ್ನು ಸರಿಗಟ್ಟುವಂಥ ಬೆಲೆ. ಚಿತ್ರವೇನೂ ಸುಳ್ಳಲ್ಲ. ಆದರೆ ಇಷ್ಟನ್ನೇ ಕಂಡು ಆಟವನ್ನು ಕಂಡೆನೆನ್ನುವುದು, ದೂರದಿಂದ ಗೋಪುರದ ಕಳಶವನ್ನು ನೋಡಿ ದೇವಾಲಯವನ್ನೆಲ್ಲ ಸುತ್ತಿ ಬಂದೆನೆಂದ ಹಾಗೆ. ಆ ದೇಶದಲ್ಲಿ ಮೇಲಿನ ನಾಲ್ಕು ಅಂತಸ್ತುಗಳಲ್ಲಿ ಆಡುವ ಸಂಘಗಳು 92. ಅವುಗಳ ಕೆಳಗೆ ಪೇಟೆಗಳಲ್ಲಿ, ಹಳ್ಳಿಗಳಲ್ಲಿ, ಮುಚ್ಚಿಹೋದ ಗಣಿಗಳ ಸುತ್ತಣ ಕೇರಿಗಳಲ್ಲಿ ಸಾವಿರಾರು ಸಂಘಗಳಿವೆ. ಇವಕ್ಕೆಲ್ಲ ಸೇರಿ ‘ನಾನ್-ಲೀಗ್’ ಎಂದು ಹೆಸರು. ಎಂದರೆ ಲೀಗಿಗೆ ಸೇರದವು. ನಮ್ಮ ಸರ್ಕಾರಿ ಅರ್ಜಿಗಳಲ್ಲಿ ‘ಇತರೆ’ ಎಂಬ ಒಂದು ಕಲಮು ಇರುತ್ತದಲ್ಲ, ಅಂಥ ಹೆಸರು ಇದು. ತಾನು ಏನು ಎಂಬುದನ್ನು ಹೇಳದೆ, ಏನಲ್ಲ ಎಂಬುದನ್ನು ಮಾತ್ರ ಹೇಳುತ್ತದೆ.

ಈ ಹೆಸರಿನಲ್ಲಿ ಚರಿತ್ರೆಯ ದೃಷ್ಟಿಯಿಂದ ಒಂದು ಅನ್ಯಾಯವೂ ಇದೆ. ಲೀಗ್ ಹುಟ್ಟಿದ್ದು 1888ರಲ್ಲಿ, ಹನ್ನೆರಡು ಸಂಘಗಳಿಂದ. ಆರು ಲ್ಯಾಂಕಾಶೈರಿನವು, ಆರು ಮಧ್ಯಪ್ರಾಂತದವು. ಅದಕ್ಕೆ ಮೂವತ್ತು ವರ್ಷ ಮೊದಲೇ ಸಂಘ ಕಟ್ಟಿ, ನಿಯಮ ಬರೆದು, ಆಟಕ್ಕೆ ಒಂದು ರೂಪ ಕೊಟ್ಟ ಊರು ಶೆಫೀಲ್ಡ್. ಆ ಹನ್ನೆರಡರಲ್ಲಿ ಶೆಫೀಲ್ಡಿನದು ಒಂದೂ ಇರಲಿಲ್ಲ. ಲೋಕದ ಅತ್ಯಂತ ಹಳೆಯ ಕಾಲ್ಚೆಂಡಿನ ಸಂಘವೆಂದು ಒಪ್ಪಿತವಾಗಿರುವ ಶೆಫೀಲ್ಡ್ ಫುಟ್‌ಬಾಲ್ ಕ್ಲಬ್ಬೂ, ಅದರ ಮೊದಲ ಎದುರಾಳಿಯಾದ ಹ್ಯಾಲಮ್ ಸಂಘವೂ ಇಂದಿಗೂ ಈ ‘ಇತರೆ’ಯವರ ಸಾಲಿನಲ್ಲಿಯೇ ಆಡುತ್ತಿವೆ. ಹ್ಯಾಲಮ್ ಆಡುವ ಸ್ಯಾಂಡಿಗೇಟ್ ಬಯಲಂತೂ ಲೋಕದ ಅತ್ಯಂತ ಹಳೆಯ ಕಾಲ್ಚೆಂಡಿನ ಮೈದಾನವೆಂದು ಗಿನ್ನೆಸ್ ದಾಖಲೆಯನ್ನು ಸೇರಿದೆ. ಮ್ಯಾಂಚೆಸ್ಟರಿನಲ್ಲಿ ಮಗಳ ಮನೆಯಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದ ನನಗೆ ಒಂದು ಶನಿವಾರ ಅಲ್ಲಿಗೆ ಹೋಗಿ ಬರುವ ಮನಸ್ಸಾಯಿತು. ಬೆಳಿಗ್ಗೆ ಹೊರಟರೆ ರಾತ್ರಿಯ ಊಟಕ್ಕೆ ಮನೆ. “ಅಪ್ಪಾ, ಈ ಊರಿನಲ್ಲೇ ಎರಡು ದೊಡ್ಡ ತಂಡಗಳಿವೆ, ಅವನ್ನು ಬಿಟ್ಟು ಬೆಟ್ಟ ದಾಟಿ ಹೋಗುತ್ತೀರಾ?” ಎಂದು ಮಗಳು ನಕ್ಕಳು, ನಕ್ಕರೂ ಚಪಾತಿ ಪಲ್ಯ ಕಟ್ಟಿಕೊಟ್ಟಳು.

ರೈಲು ಮ್ಯಾಂಚೆಸ್ಟರನ್ನು ಬಿಟ್ಟು ಪೆನ್ನೈನ್ ಬೆಟ್ಟಗಳ ನಡುವಣ ಹೋಪ್ ಕಣಿವೆಯನ್ನು ಹಿಡಿಯುತ್ತದೆ. ಕಲ್ಲುಗೋಡೆಗಳು, ಕುರಿಗಳು, ಕಂದು ಬಣ್ಣಕ್ಕೆ ತಿರುಗಿದ ಜರಿಗಿಡಗಳು. ದಾರಿಯಲ್ಲಿ ಹ್ಯಾಥರ್‌ಸೇಜ್ ಎಂಬ ಹಳ್ಳಿ. 1845ರಲ್ಲಿ ಷಾರ್ಲಟ್ ಬ್ರಾಂಟೆ ಇಲ್ಲಿ ಕೆಲ ದಿನ ತಂಗಿದ್ದಳು. ಇಲ್ಲಿಯ ಚರ್ಚಿನಲ್ಲಿರುವ ಏರ್ ಮನೆತನದವರ ಸ್ಮಾರಕಗಳಿಂದಲೇ ಆಕೆಯ ಕಥಾನಾಯಕಿ ಜೇನ್‌ಳಿಗೆ ಹೆಸರು ದೊರೆಯಿತೆಂದು ಹೇಳುತ್ತಾರೆ. ಇಳಿದು ನೋಡೋಣವೆನ್ನಿಸಿತು, ಆದರೆ ಆಟ ಮೂರು ಗಂಟೆಗೆ. ಆ ಬಳಿಕ ಐದೂವರೆ ಕಿಲೋಮೀಟರಿಗೂ ಉದ್ದವಾದ ಟಾಟ್ಲೆ ಸುರಂಗ. ಅದನ್ನು ದಾಟಿದರೆ ಶೆಫೀಲ್ಡ್.

ನಮ್ಮ ಹಿರಿಯರಿಗೆ ಈ ಊರಿನ ಹೆಸರು ಓದಿ ತಿಳಿದದ್ದಲ್ಲ, ಕ್ಷೌರದ ಕತ್ತಿಯ ಮೇಲೆ ಕಂಡದ್ದು. ಕನ್ನಡಿಗರಿಗೆ ಇನ್ನೊಂದು ಹಳೆಯ ನಂಟೂ ಉಂಟು. ಶೆಫೀಲ್ಡಿನ ಕೀರ್ತಿಗೆ ಮೂಲವಾದದ್ದು 1740ರ ಸುಮಾರಿಗೆ ಬೆಂಜಮಿನ್ ಹಂಟ್ಸ್‌ಮನ್ ಎಂಬಾತ ಕಂಡುಕೊಂಡ ಮೂಸೆಯ ಉಕ್ಕು. ನಮ್ಮ ಕಮ್ಮಾರರು ಅದಕ್ಕೆ ಎಷ್ಟೋ ಶತಮಾನ ಮೊದಲೇ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಇಳಿಸುತ್ತಿದ್ದರು. ಯೂರೋಪಿನ ವಿಜ್ಞಾನಿಗಳು ಅದನ್ನು ‘ವೂಟ್ಸ್’ ಎಂದು ಕರೆದರು. ಆ ಮಾತು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶವೆಂದು ವಿದ್ವಾಂಸರ ಮತ. ಅದರ ಗುಟ್ಟನ್ನು ಒಡೆಯಲೆಂದು ಮೈಕೇಲ್ ಫ್ಯಾರಡೆ 1820ರ ಆಸುಪಾಸಿನಲ್ಲಿ ಮಿಶ್ರಲೋಹಗಳ ಪ್ರಯೋಗ ನಡೆಸಿ, ದೊಡ್ಡ ಪ್ರಮಾಣದಲ್ಲಿ ಅವನ್ನು ಎರಕ ಹೊಯ್ಯಿಸಿದ್ದು ಇದೇ ಶೆಫೀಲ್ಡಿನ ಕುಲುಮೆಗಳಲ್ಲಿ. ಇರಲಿ, ಉಕ್ಕಿನ ಮಾತು ಇನ್ನೊಂದು ಭಾಷಣಕ್ಕಾಗುವಷ್ಟಿದೆ.

ಊರಿನ ಪಡುಗಡೆಯ ಗುಡ್ಡದ ಮೇಲೆ ಕ್ರಾಸ್‌ಪೂಲ್ ಎಂಬ ಬಡಾವಣೆ. ಬಸ್ಸು ಏದುಸಿರು ಬಿಡುತ್ತ ಏರುತ್ತದೆ. ಹಂಚಿನ ಮನೆಗಳ ನಡುವೆ ಒಂದು ಗೇಟು, ಗೇಟಿನಲ್ಲಿ ಚೀಟಿ ಕೊಡುವ ಒಬ್ಬ ಮುದುಕ, ಒಳಗೆ ಹೆಚ್ಚೆಂದರೆ ನಾಲ್ಕು ನೂರು ಜನ. ಒಂದು ಕಡೆ ಚಿಕ್ಕದೊಂದು ಚಾವಣಿ. ಮಿಕ್ಕ ಕಡೆ ಸೊಂಟದೆತ್ತರದ ಕಂಬಿ. ಅದಕ್ಕೆ ಮೊಳಕೈ ಊರಿ ನಿಂತರೆ ಆಟಗಾರನ ಉಸಿರು ಕೇಳಿಸುತ್ತದೆ, ಅವನ ಬೈಗುಳವೂ ಕೇಳಿಸುತ್ತದೆ. ಚಹಾದ ಗುಡಿಸಲಿನಲ್ಲಿ ಇಬ್ಬರು ಹೆಂಗಸರು. ಲಾಟರಿ ಚೀಟಿ ಮಾರುತ್ತ ಒಬ್ಬ ಹುಡುಗ. ಇವರಲ್ಲಿ ಯಾರಿಗೂ ಸಂಬಳವಿಲ್ಲ. ಗೆರೆ ಎಳೆಯುವವನಿಗೂ ಇಲ್ಲ, ಅಂಗಿ ಒಗೆಯುವವಳಿಗೂ ಇಲ್ಲ. ಧಾರವಾಡದ ಕಡೆಯ ಹಳ್ಳಿಗಳ ಗರಡಿಮನೆಗಳನ್ನು ನೋಡಿದವರಿಗೆ ಈ ಬಗೆ ಪರಿಚಿತವೇ. ಕೆಮ್ಮಣ್ಣಿಗೆ ಎಣ್ಣೆ ಮಜ್ಜಿಗೆ ಬೆರೆಸುವವನು ಯಾರ ಆಳೂ ಅಲ್ಲ. ಅವನಪ್ಪ ಬೆರೆಸುತ್ತಿದ್ದ, ಅವನೂ ಬೆರೆಸುತ್ತಾನೆ.

ಬಯಲಿಗೆ ಒಂದು ವಿಶೇಷವಿದೆ: ಅದು ಸಮವಾಗಿಲ್ಲ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಣ್ಣಿಗೆ ಹೊಡೆಯುವಷ್ಟು ಇಳಿಜಾರು. ಮೊದಲರ್ಧ ಏರುಮುಖವಾಗಿ ಆಡಿದವರು ಎರಡನೆಯ ಅರ್ಧದಲ್ಲಿ ಇಳಿಮುಖವಾಗಿ ಆಡಿ ಲೆಕ್ಕ ಸರಿಮಾಡಿಕೊಳ್ಳುತ್ತಾರೆ. 1804ರಿಂದ ಇಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಚಳಿಗಾಲದಲ್ಲಿ ಕ್ರಿಕೆಟಿನವರಿಗೆ ಕೆಲಸವಿಲ್ಲವಲ್ಲ, ಆ ಬಿಡುವಿನಲ್ಲೇ ಶೆಫೀಲ್ಡಿನ ಕಾಲ್ಚೆಂಡಾಟ ಹುಟ್ಟಿದ್ದು. 1857ರ ಅಕ್ಟೋಬರ್ 24ರಂದು ನಥಾನಿಯಲ್ ಕ್ರೆಸ್ವಿಕ್, ವಿಲಿಯಂ ಪ್ರೆಸ್ಟ್ ಎಂಬ ಇಬ್ಬರು ಮಿತ್ರರು ಸಂಘವನ್ನು ಸ್ಥಾಪಿಸಿದರು. ಮರುವರ್ಷ ನಿಯಮಗಳನ್ನು ಬರೆದರು. ಆದರೆ ಸಂಘವೊಂದಿದ್ದರೆ ಆಟವಾದೀತೆ? ಎದುರಾಳಿ ಬೇಡವೆ? ಮೊದಮೊದಲು ಅವರು ತಮ್ಮತಮ್ಮಲ್ಲಿಯೇ, ಮದುವೆಯಾದವರು ಒಂದು ಕಡೆ ಬ್ರಹ್ಮಚಾರಿಗಳು ಒಂದು ಕಡೆ ಎಂಬಂತೆ ಪಾಲು ಮಾಡಿಕೊಂಡು ಆಡಬೇಕಾಯಿತು. 1860ರಲ್ಲಿ ಹ್ಯಾಲಮ್ ಸಂಘ ಹುಟ್ಟಿದ ಮೇಲೆ, ಆ ವರ್ಷದ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮಾರನೆಯ ದಿನ, ಇದೇ ಬಯಲಿನಲ್ಲಿ ಎರಡು ಸಂಘಗಳೂ ಎದುರಾದವು. ಶೆಫೀಲ್ಡಿನವರು ಎರಡು ಗೋಲುಗಳಿಂದ ಗೆದ್ದರು. ಲೋಕದಲ್ಲಿ ಎರಡು ಕಾಲ್ಚೆಂಡಿನ ಸಂಘಗಳ ನಡುವೆ ನಡೆದ ಮೊದಲ ಪಂದ್ಯವೆಂದು ಗಣಿಸಲಾಗಿರುವುದು ಇದನ್ನೇ.

ಆಗಿನ ಆಟ ನಾವು ಕಾಣುವ ಆಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿಯಬಹುದಿತ್ತು, ಎದುರಾಳಿಯನ್ನು ಕೈಯಿಂದ ನೂಕಬಹುದಿತ್ತು. ಆಫ್‌ಸೈಡ್ ಎಂಬ ಗೊಂದಲ ಮಾತ್ರ ಇರಲಿಲ್ಲ. ಕೆಲ ವರ್ಷಗಳಲ್ಲಿ ‘ರೂಜ್’ ಎಂಬ ಒಂದು ಅರೆಗೋಲು ಬಂದಿತು. ಗೋಲಿನ ಎರಡು ಪಕ್ಕದಲ್ಲೂ ಬಾವುಟ ನೆಟ್ಟು, ಆ ಬಾವುಟಗಳ ನಡುವೆ ಗೆರೆ ದಾಟಿದ ಚೆಂಡನ್ನು ಮೊದಲು ಮುಟ್ಟಿದವನಿಗೆ ಒಂದು ರೂಜ್. ಗೋಲುಗಳು ಸಮವಾದರೆ ರೂಜುಗಳ ಲೆಕ್ಕ. 1867ರಲ್ಲಿ ಥಾಮಸ್ ಯೂಡನ್ ಎಂಬ ನಾಟಕಶಾಲೆಯ ಮಾಲೀಕ ಒಂದು ಬೆಳ್ಳಿಯ ಬಟ್ಟಲನ್ನು ಪಣವಾಗಿಟ್ಟ. ಹನ್ನೆರಡು ತಂಡಗಳು ಆಡಿದವು. ಹ್ಯಾಲಮ್ ಅದನ್ನು ಗೆದ್ದದ್ದು ಎರಡು ರೂಜುಗಳಿಂದ, ಒಂದು ಗೋಲನ್ನೂ ಹೊಡೆಯದೆ! ಕಾಲ್ಚೆಂಡಾಟದ ಚರಿತ್ರೆಯಲ್ಲಿ ಮೊದಲ ಬಟ್ಟಲು ಅದೇ. ನಾಟಕದವನೊಬ್ಬನ ಜಾಹೀರಾತಿನ ಬುದ್ಧಿಯಿಂದ ಅದು ಹುಟ್ಟಿತೆಂಬುದು, ನಾಟಕ ಕಂಪನಿಗಳ ನಾಡಿನವನಾದ ನನಗೆ ಸಂತೋಷದ ಸಂಗತಿ.

ಮೂಲೆಯೊದೆತ, ಗೋಲಿನ ಮೇಲಣ ಅಡ್ಡಪಟ್ಟಿ ಮೊದಲಾದ ಎಷ್ಟೋ ಪದ್ಧತಿಗಳು ಬೆಳೆದದ್ದು ಶೆಫೀಲ್ಡಿನ ನಿಯಮಗಳಲ್ಲಿ. 1866ರಲ್ಲಿ ಲಂಡನ್ನಿನವರೊಡನೆ ಆಡಲು ಹೋದಾಗ ಇವರು ಚೆಂಡಿಗೆ ತಲೆ ಕೊಟ್ಟರಂತೆ. ಅದನ್ನು ಕಂಡು ಲಂಡನ್ನಿನ ದೊಡ್ಡಮನುಷ್ಯರು ನಕ್ಕರೆಂದು ಕಥೆಯಿದೆ. 1877ರಲ್ಲಿ ಶೆಫೀಲ್ಡ್ ತನ್ನ ನಿಯಮಗಳನ್ನು ಬಿಟ್ಟು ಲಂಡನ್ನಿನ ನಿಯಮಗಳನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ಲಂಡನ್ನಿನ ನಿಯಮಗಳಲ್ಲಿಯೇ ಶೆಫೀಲ್ಡಿನದು ಅರ್ಧ ಸೇರಿಹೋಗಿತ್ತೆನ್ನಿ.

ಇಷ್ಟೆಲ್ಲವೂ ಗ್ರಂಥಗಳಲ್ಲಿ ಸಿಕ್ಕುವ ಮಾತು. ಆದರೆ ಈ ಎರಡು ಸಂಘಗಳ ಕಥೆಯಲ್ಲಿ ಒಂದು ಪಂದ್ಯ ನನ್ನನ್ನು ಬಹುಕಾಲದಿಂದ ಕಾಡಿದೆ. 1862ರ ಡಿಸೆಂಬರ್ 29ರಂದು, ಊರೊಳಗಿನ ಬ್ರಾಮಲ್ ಲೇನ್ ಮೈದಾನದಲ್ಲಿ ಅದು ನಡೆಯಿತು. ಆಟ ಗೋಲಿಲ್ಲದೆ ಮುಗಿಯಿತು. ಜಗಳಕ್ಕೆ ಮಾತ್ರ ಕೊರತೆಯಾಗಲಿಲ್ಲ. ಹ್ಯಾಲಮ್ಮಿನ ವಾಟರ್‌ಫಾಲ್ ಎಂಬ ಆಟಗಾರ ಕ್ರೆಸ್ವಿಕ್ಕನ ಮೇಲೆ ಏರಿಹೋಗಿ, ಮೇಲಂಗಿಯನ್ನು ಕಿತ್ತೆಸೆದು ಮುಷ್ಟಿ ಬಿಗಿದನೆಂದು ಪತ್ರಿಕೆಯಲ್ಲಿ ವರದಿಯಾಯಿತು. ಮೊದಲು ಹೊಡೆದವನು ಕ್ರೆಸ್ವಿಕ್ಕನೇ ಎಂದು ಹ್ಯಾಲಮ್ಮಿನವರು ಪತ್ರಿಕೆಗೆ ಉತ್ತರ ಬರೆದರು. ನೂರಅರವತ್ತು ವರ್ಷಗಳಾದರೂ ಆ ವಿವಾದ ತೀರಿದಂತಿಲ್ಲ. ನನ್ನ ಲಕ್ಷ್ಯ ಹೋಗುವುದು ಜಗಳದ ಕಡೆಗಲ್ಲ. ಆ ದಿನ ಬಾಗಿಲಲ್ಲಿ ಕೂಡಿದ ಹಣ ಯಾರಿಗೆ ಹೋಯಿತು ಎಂಬುದರ ಕಡೆಗೆ. ಅದು ಹೋದದ್ದು ಲ್ಯಾಂಕಾಶೈರಿನ ನಿರುದ್ಯೋಗಿ ನೇಕಾರರ ಪರಿಹಾರ ನಿಧಿಗೆ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಯಿತು. ಉತ್ತರದ ನೌಕಾಪಡೆ ದಕ್ಷಿಣದ ರೇವುಗಳನ್ನು ಕಟ್ಟಿತು; ಅಲ್ಲಿಯ ಹತ್ತಿ ನಿಂತಿತು; ಹತ್ತಿ ನಿಂತದ್ದೇ ಮ್ಯಾಂಚೆಸ್ಟರಿನ ಸುತ್ತಣ ಗಿರಣಿಗಳೂ ನಿಂತವು. 1862ರ ಕೊನೆಗೆ ಆ ಜಿಲ್ಲೆಯಲ್ಲಿ ಸುಮಾರು ಐದು ಲಕ್ಷ ಜನ ಗಂಜಿಯ ಆಸರೆಗೆ ಬಂದಿದ್ದರು. ಅಷ್ಟಾದರೂ ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ಲಿಂಕನ್ನನಿಗೆ ಬೆಂಬಲ ಸೂಚಿಸಿದರು. 1863ರ ಜನವರಿಯಲ್ಲಿ ಆತ ಅವರಿಗೆ ಕೃತಜ್ಞತೆಯ ಪತ್ರ ಬರೆದ. ಆ ಊರಿನ ನಡುವೆ ಲಿಂಕನ್ನನ ವಿಗ್ರಹವಿರುವುದು ಈ ನೆನಪಿಗಾಗಿ.

ಇದೇ ವರ್ಷಗಳಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ನಾನು ಹುಟ್ಟಿದ ಗದುಗಿನ ಸೀಮೆ ಎರೆಹೊಲದ ಸೀಮೆ. 1840ರ ದಶಕದಿಂದಲೇ ಅಲ್ಲಿ ಸರ್ಕಾರದವರು ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿಯನ್ನು ಬಿತ್ತಿಸಿದ್ದರು. ‘ಧಾರವಾಡ ಅಮೆರಿಕನ್’ ಎಂದೇ ಪೇಟೆಯಲ್ಲಿ ಅದರ ಹೆಸರು. ಅಮೆರಿಕದ ಹತ್ತಿ ನಿಂತೊಡನೆ ಇದರ ಬೆಲೆ ಮುಗಿಲು ಮುಟ್ಟಿತು. ಅಂಡಿಗೆಗಳು ಗಾಡಿ ಗಾಡಿಯಾಗಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋದವು. ಕುಮಟೆಯಲ್ಲಿ ಒಂದು ಹತ್ತಿಯ ಕಾಳೂ ಬೆಳೆಯದಿದ್ದರೂ ಲಿವರ್‌ಪೂಲಿನ ವ್ಯಾಪಾರಿಗಳ ಬಾಯಲ್ಲಿ ಅದು ‘ಕುಮಟಾ ಹತ್ತಿ’ಯಾಯಿತು. ಘಟ್ಟದ ರಸ್ತೆಗಳೂ ಕಾರವಾರದ ರೇವೂ ಹತ್ತಿಗೆ ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯ ತಂದರು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಕಿತ್ತು ಮುಂಬಯಿಗೆ ಜೋಡಿಸಿದ್ದರ ಹಿಂದೆ ಈ ಒತ್ತಾಯವೂ ಇತ್ತು. ನಮ್ಮ ನಾಡು ಹರಿದು ಹಂಚಿಹೋದ ಕಥೆಯಲ್ಲಿ ಲಿವರ್‌ಪೂಲಿನ ಹತ್ತಿಪೇಟೆಗೂ ಒಂದು ಪಾತ್ರವಿದೆಯೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ ಒಕ್ಕಲಿಗ ಸಾಲದಲ್ಲಿಯೇ ಉಳಿದ. ಅವನಿಗಾಗಿ ಯಾರೂ ಚೆಂಡಾಡಿ ಹಣ ಕೂಡಿಸಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಹಸಿದ ನೇಕಾರನಿಗಾಗಿ ಮೂವತ್ತು ಮೈಲಿ ಆಚೆಯ ಊರಿನವರು ಕೆಸರಿನಲ್ಲಿ ಬಿದ್ದೆದ್ದು ಹಣ ಕೂಡಿಸಿದ್ದು ದೊಡ್ಡ ಮಾತೇ. ಆ ಹಗ್ಗದ ಒಂದು ತುದಿ ಎಲ್ಲಿ ಕಟ್ಟಿತ್ತೆಂಬುದು ಅವರಿಗೆ ಗೊತ್ತಿರಲಾರದು. ಇನ್ನೊಂದು ತುದಿಯಲ್ಲಿದ್ದ ನಮ್ಮ ಮುತ್ತಜ್ಜಂದಿರಿಗೂ ಗೊತ್ತಿರಲಿಲ್ಲ.

ಸರಿಯಾಗಿ ಮೂರು ಗಂಟೆಗೆ ಆಟ ಮೊದಲಾಯಿತು. ಈ ಮೂರು ಗಂಟೆಗೂ ಒಂದು ಚರಿತ್ರೆಯಿದೆ. 1850ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳ ಹೆಂಗಸರೂ ಎಳೆಯರೂ ಶನಿವಾರ ಮಧ್ಯಾಹ್ನ ಎರಡರ ಮೇಲೆ ದುಡಿಯಬಾರದೆಂದು ವಿಧಿಸಿತು. ಕ್ರಮೇಣ ಆ ಅರ್ಧ ದಿನದ ಬಿಡುವು ಗಂಡಸರಿಗೂ, ಬೇರೆ ಕಸಬುಗಳಿಗೂ ಹರಡಿತು. ಎರಡಕ್ಕೆ ಬಿಟ್ಟು, ಉಂಡು, ನಡೆದು ಬರಲು ಒಂದು ಗಂಟೆ. ಇಂದಿಗೂ ಬ್ರಿಟನ್ನಿನಲ್ಲಿ ಶನಿವಾರ ಎರಡೂ ಮುಕ್ಕಾಲರಿಂದ ಐದೂ ಕಾಲರವರೆಗೆ ಕಾಲ್ಚೆಂಡಾಟವನ್ನು ದೂರದರ್ಶನದಲ್ಲಿ ನೇರವಾಗಿ ತೋರಿಸುವಂತಿಲ್ಲ. ತೋರಿಸಿದರೆ ಇಂಥ ಬಯಲುಗಳಿಗೆ ಬರುವ ನಾಲ್ಕು ನೂರು ಜನ ನಲವತ್ತಾಗುತ್ತಾರೆಂಬ ಭಯ.

ಎದುರಾಳಿಗಳು ಪಕ್ಕದ ಹಳೆಯ ಗಣಿಯ ಊರೊಂದರವರು. ಕಟ್ಟುಮಸ್ತಾದ ಹುಡುಗರು, ಒಬ್ಬ ಬಡಗಿ, ಒಬ್ಬ ಶಾಲಾ ಮೇಷ್ಟರು ಎಂದು ಪಕ್ಕದವರಿಂದ ತಿಳಿಯಿತು. ಆಟ ಸುಂದರವಾಗಿತ್ತೆಂದು ಹೇಳಲಾರೆ. ಗಾಳಿಗೆ ಚೆಂಡು ತಿರುಗುತ್ತಿತ್ತು, ಇಳಿಜಾರಿಗೆ ಓಡುತ್ತಿತ್ತು. ಹ್ಯಾಲಮ್ ಏರುಮುಖದಲ್ಲಿ ಒಂದು ಗೋಲು ಕೊಟ್ಟು ಇಳಿಮುಖದಲ್ಲಿ ಎರಡು ಹೊಡೆದು ಗೆದ್ದಿತು. ಎರಡನೆಯದು ಮೂಲೆಯೊದೆತಕ್ಕೆ ತಲೆ ಕೊಟ್ಟು ಬಂದ ಗೋಲು. ಶೆಫೀಲ್ಡಿನ ಎರಡು ಪದ್ಧತಿಗಳು ಒಂದೇ ನಿಮಿಷದಲ್ಲಿ ಕೂಡಿದ್ದನ್ನು ಶೆಫೀಲ್ಡಿನಲ್ಲೇ ಕಂಡ ಸಂತೋಷ ನನ್ನದು. ಸುತ್ತಲಿದ್ದವರು ಗೆದ್ದದ್ದಕ್ಕೆ ಕೂಗಿದರು.

ನನ್ನ ಬದಿಯಲ್ಲಿ ನಿಂತಿದ್ದವನು ಎಂಬತ್ತರ ಆಸುಪಾಸಿನ ಮುದುಕ, ಹಿಂದೆ ಚಾಕುವಿನ ಕಾರ್ಖಾನೆಯಲ್ಲಿ ಸಾಣೆ ಹಿಡಿಯುತ್ತಿದ್ದವನು. ಈ ಊರಿನ ಗಂಡಸರು ಗುರುತಿಲ್ಲದ ಗಂಡಸರನ್ನೂ ‘ಲವ್’ ಎಂದೇ ಕರೆಯುತ್ತಾರೆ; ಎರಡು ಮೂರು ಸಲ ಕೇಳಿದ ಮೇಲೆ ಅಭ್ಯಾಸವಾಗುತ್ತದೆ. ನಿಮ್ಮ ದೇಶದಲ್ಲಿ ಈ ಆಟ ಉಂಟೋ ಎಂದು ಆತ ಕೇಳಿದ. 1948ರ ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್ಫರ್ಡಿನಲ್ಲಿ, ಇಂಥದೇ ಸಣ್ಣ ಬಯಲೊಂದರಲ್ಲಿ, ಒಲಿಂಪಿಕ್ಸಿನಲ್ಲಿ ನಾವು ಫ್ರಾನ್ಸಿನ ಎದುರು ಆಡಿದ್ದನ್ನು ಹೇಳಿದೆ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡೆವು. ಕೊನೆಯ ನಿಮಿಷದಲ್ಲಿ ಗೋಲು ಬಿಟ್ಟು 2-1ರಿಂದ ಸೋತೆವು. ನಮ್ಮ ಆ ಒಂದು ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ತಂಡದಲ್ಲಿ ಆಡಿ ಬೆಳೆದ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಮುದುಕ ಬೇರೇನೂ ಹೇಳಲಿಲ್ಲ, “ಬರಿಗಾಲಿನಲ್ಲಿ!” ಎಂದು ತನ್ನ ಬೂಟನ್ನೊಮ್ಮೆ, ನೆಲವನ್ನೊಮ್ಮೆ ನೋಡಿದ.

ಆಟ ಮುಗಿದ ಮೇಲೆ ಚಹಾ ಕುಡಿಯುತ್ತ ಮಾತು ಹಣದ ಕಡೆ ತಿರುಗಿತು. ಮ್ಯಾಂಚೆಸ್ಟರಿಗೆ ಹತ್ತು ಮೈಲಿಯೊಳಗಿರುವ ಬರಿ ಎಂಬ ಹಳೆಯ ಹತ್ತಿಗಿರಣಿಯ ಪಟ್ಟಣದ ಸಂಘ ಹುಟ್ಟಿದ್ದು 1885ರಲ್ಲಿ. 1900ರಲ್ಲಿಯೂ 1903ರಲ್ಲಿಯೂ ಎಫ್.ಎ. ಬಟ್ಟಲನ್ನು ಗೆದ್ದ ತಂಡ ಅದು. 2019ರ ಆಗಸ್ಟ್ ತಿಂಗಳಲ್ಲಿ ಹಣದ ಮುಗ್ಗಟ್ಟಿನಿಂದ ಅದನ್ನು ಲೀಗಿನಿಂದ ಹೊರಹಾಕಿದರು. ಊರಿನ ಜನ ಪಟ್ಟು ಹಿಡಿದು, ಕೂಡಿ, 2023ರಲ್ಲಿ ತಮ್ಮ ಹಳೆಯ ಮೈದಾನದಲ್ಲಿ ಮತ್ತೆ ಆಡುವಂತೆ ಮಾಡಿದರು, ಲೀಗಿನ ಎಷ್ಟೋ ಮೆಟ್ಟಿಲು ಕೆಳಗೆ. ಅಲ್ಲಿಗೆ ಸಾವಿರಾರು ಜನ ಬರುತ್ತಾರೆ. 1987ರ ತನಕ ಲೀಗಿನ ಬಾಗಿಲು ಕೆಳಗಿನವರಿಗೆ ಮುಚ್ಚಿದ್ದೇ ಹೆಚ್ಚು. ಒಳಗಿರುವವರು ಮತ ಹಾಕಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ವರ್ಷದಿಂದ ಗೆದ್ದವರು ಏರಬಹುದು, ಸೋತವರು ಇಳಿಯಬೇಕು. ಕೆಳಗಿನವರಿಗೆ ಆಸೆ ಬಂದಿತು. ಆಸೆಯ ಬೆನ್ನಿಗೆ ಖರ್ಚೂ ಸಾಲವೂ ಬಂದವು ಎಂದು ಮುದುಕನ ಅಭಿಪ್ರಾಯ. ನನಗೂ ಅದು ನಿಜವೆನ್ನಿಸಿತು. ಆದರೂ ಮುಚ್ಚಿದ ಬಾಗಿಲೇ ಲೇಸಾಗಿತ್ತೆಂದು ಒಪ್ಪುವುದಕ್ಕೆ ನನ್ನ ಮನಸ್ಸು ಸಿದ್ಧವಿಲ್ಲ.

ಶೆಫೀಲ್ಡ್ ಸಂಘದ ಕಥೆ ಇನ್ನೂ ವಿಚಿತ್ರ. 1885ರಲ್ಲಿ ಆಟಗಾರರಿಗೆ ಸಂಬಳ ಕೊಡುವುದು ನ್ಯಾಯಸಮ್ಮತವಾದಾಗ ಅವರು ಕೊಡೆವೆಂದರು. ಸಂಬಳದವರ ಕೈಯಲ್ಲಿ ಸೋತು ಸುಣ್ಣವಾದರು. ಹವ್ಯಾಸಿಗಳಿಗೇ ಬೇರೊಂದು ಬಟ್ಟಲಿರಲೆಂದು ಸೂಚಿಸಿ, 1904ರಲ್ಲಿ ಅದನ್ನು ತಾವೂ ಗೆದ್ದರು. ಲೋಕದ ಮೊದಲ ಸಂಘಕ್ಕೆ ತನ್ನದೆಂಬ ಮೈದಾನ ದೊರೆತದ್ದು 2001ರಲ್ಲಿ, ಅದೂ ಊರಿನ ಹೊರಗೆ, ಪಕ್ಕದ ಡರ್ಬಿಶೈರಿನ ಡ್ರಾನ್‌ಫೀಲ್ಡಿನಲ್ಲಿ, ಒಂದು ಹೆಂಡದಂಗಡಿಯ ಹಿತ್ತಿಲಲ್ಲಿ. 2011ರಲ್ಲಿ ಹಣ ಬೇಕಾಗಿ ಅವರು ತಮ್ಮ ಹಳೆಯ ಕಡತಗಳನ್ನು ಲಂಡನ್ನಿನ ಹರಾಜಿಗಿಟ್ಟರು. ಅವುಗಳಲ್ಲಿ 1858ರ ನಿಯಮಗಳ ಕೈಬರಹದ ಪ್ರತಿಯೂ ಇತ್ತು. 8,81,250 ಪೌಂಡುಗಳು ಬಂದವು. ಹ್ಯಾಲಮ್ಮಿನವರದು ಇದರ ವಿಲೋಮ: ಕಳೆದುಹೋಗಿದ್ದ ಯೂಡನ್ ಬಟ್ಟಲು 1997ರಲ್ಲಿ ಸ್ಕಾಟ್ಲೆಂಡಿನ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನ ಬಳಿ ಪತ್ತೆಯಾದಾಗ, ಇವರು ದುಡ್ಡು ಕೊಟ್ಟು ಮನೆಗೆ ತಂದರು.

“ಹಾಗಾದರೆ ನೀವು ಗೆದ್ದಿರಿ” ಎಂದೆ ನಾನು.

“ನಗುವುದು ಸುಲಭ, ಲವ್” ಎಂದ ಮುದುಕ. “ನಮಗೆ ಈ ಗುಡ್ಡ ಹುಟ್ಟಿದಾಗಿನಿಂದ ಇತ್ತು. ಅವರು ನೂರನಲವತ್ತು ವರ್ಷ ಬಾಡಿಗೆ ಬಯಲಿನಲ್ಲಿ ಆಡಿದರು. ನಿಲ್ಲಲು ನೆಲವಿಲ್ಲದವನು ಪೆಟ್ಟಿಗೆಯಲ್ಲಿ ಕಾಗದ ಇಟ್ಟುಕೊಂಡು ಏನು ಮಾಡಬೇಕು?”

ನನಗೆ ಉತ್ತರ ತೋಚಲಿಲ್ಲ. ಹಸ್ತಪ್ರತಿಗಳು ಪರದೇಶದ ಗ್ರಂಥಾಲಯಗಳನ್ನು ಸೇರಿದ್ದಕ್ಕೆ ಮರುಗುವ ನಾಡಿನವನು ನಾನು; ಮಾರಿದವನ ಮನೆಯ ಒಲೆ ಉರಿಯುತ್ತಿತ್ತೇ ಎಂದು ಒಮ್ಮೆಯಾದರೂ ಕೇಳಿದ ನೆನಪಿಲ್ಲ. ಅಷ್ಟರಲ್ಲಿ ಕತ್ತಲಾಗುತ್ತ ಬಂದಿತ್ತು. ಆಟಗಾರರು ಒಳಗೆ ಹೋಗಿದ್ದರು. ಮುದುಕ ಚಹಾದ ಬಟ್ಟಲನ್ನು ಗುಡಿಸಲಿನ ಹಲಗೆಯ ಮೇಲಿಟ್ಟು ಮೂಲೆಯ ಬಾವುಟಗಳನ್ನು ಕೀಳಲು ಹೊರಟ. ಅದು ಅವನ ಕೆಲಸವಂತೆ. ಎರಡನ್ನು ಕಿತ್ತು ನನ್ನ ಕೈಗೆ ಕೊಟ್ಟ, ಮೂರನೆಯದನ್ನು ತಾನು ಹಿಡಿದ. ನಾಲ್ಕನೆಯದು ಇಳಿಜಾರಿನ ಕೆಳತುದಿಯಲ್ಲಿತ್ತು. ಅವನ ಮೊಣಕಾಲು ನೋವು ನೋಡಿ, ಅದನ್ನು ತರಲು ನಾನೇ ಹೋದೆ.